ಆಂಗ್ಲಭಾಷೆಯ ಪರದೇಶೀಯ ಅಧ್ಯಾಪಕರೂ ಅವರ ಪೂರ್ವಸಿದ್ಧತೆಯೂ: ದಕ್ಷಿಣ ಕನ್ನಡದ ಅನುಭವ

ಆಂಗ್ಲಭಾಷೆಯನ್ನು ಕಲಿಸುವ ಸಲುವಾಗಿ ಅಧ್ಯಾಪಕರನ್ನು ಪರದೇಶಗಳಿಂದ ಕರೆಸಿಕೊಳ್ಳುವ ಪದ್ಧತಿಯು ಈಗ ಪ್ರಪಂಚದ ಅನೇಕ ಭಾಗಗಳಲ್ಲಿ ಬೇರೂರಿದೆ. ಜಪಾನ್ ಸರಕಾರವು 1987ರಲ್ಲಿ ಪ್ರಾರಂಭಿಸಿದ ಯೋಜನೆಯೊಂದರ ಮೂಲಕವೇ ಸಹಸ್ರಾರು ಮಂದಿ ತರುಣ ತರುಣಿಯರು ಆ ದೇಶದ ಶಾಲೆಗಳನ್ನು ಸೇರಿದ್ದಾರೆ. ಹೀಗೆ ಬಂದವರಿಗೆ ರಾಜಧಾನಿಯ ಒಂದು ದೊಡ್ಡ ಹೋಟೆಲಿನಲ್ಲಿ ಕೆಲವು ದಿನ ಉಪನ್ಯಾಸಗಳನ್ನು ಕೊಟ್ಟು, ಕೈಪಿಡಿಯೊಂದನ್ನು ಹಂಚಿ, ಬಳಿಕ ಅವರವರ ಊರುಗಳಿಗೆ ಕಳುಹಿಸಿಕೊಡುವುದು ಸಾಮಾನ್ಯವಾದ ಕ್ರಮ. ಈ ಪರಿಚಯಶಿಬಿರಗಳು ಸಾಲವು, ಅವನ್ನು ಸುಧಾರಿಸಬೇಕು ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಏನನ್ನು ಸೇರಿಸಬೇಕು, ಎಷ್ಟು ದಿನ ನಡೆಸಬೇಕು, ಯಾರು ಪಾಠ ಹೇಳಬೇಕು ಎಂಬ ಚರ್ಚೆಯು ಬಹುಮಟ್ಟಿಗೆ ಇದೊಂದು ಹೊಸ ಸಮಸ್ಯೆಯೋ ಎಂಬಂತೆ ನಡೆಯುತ್ತದೆ. ಆದರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಈ ವಿಷಯದಲ್ಲಿ ಹೆಚ್ಚು ಕಡಿಮೆ ಇನ್ನೂರು ವರ್ಷಗಳ ಅನುಭವವಿದೆ. ಆ ಅನುಭವವನ್ನು ಮತಪ್ರಚಾರದ ಇತಿಹಾಸವೆಂದೋ ಮುದ್ರಣದ ಇತಿಹಾಸವೆಂದೋ ನಾವು ಓದಿದ್ದೇವೆ. ಪರದೇಶೀಯನಾದ ಅಧ್ಯಾಪಕನು ಹೇಗೆ ಸಿದ್ಧನಾದನು ಎಂಬ ದೃಷ್ಟಿಯಿಂದ ಅದನ್ನು ಓದಿದ್ದು ಕಡಿಮೆ.

ಹಾಗೆ ಓದುವುದಕ್ಕೆ ಮೊದಲು ಹೊಸಬನ ಎದುರಿಗೆ ಕುಳಿತುಕೊಳ್ಳುವ ತರಗತಿಯ ಸ್ವರೂಪವನ್ನು ಹೇಳಬೇಕು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿರುವ ಮಡಂತ್ಯಾರಿನಂಥ ಊರನ್ನೇ ತೆಗೆದುಕೊಳ್ಳೋಣ. ಇಲ್ಲಿ ವಿದ್ಯಾರ್ಥಿಯ ಪಠ್ಯಪುಸ್ತಕ ಕನ್ನಡದ್ದೋ ಆಂಗ್ಲಭಾಷೆಯದೋ ಆಗಿರಬಹುದು. ಅವನ ಮನೆಯ ಮಾತು ತುಳು, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಬೆಳ್ತಂಗಡಿಯ ಕಡೆಯ ಕೆಲವು ಮನೆಗಳಲ್ಲಿ ಚಿತ್ಪಾವನಿ, ಇವುಗಳಲ್ಲಿ ಯಾವುದಾದರೂ ಒಂದು. ಪೇಟೆಯ ಮಾತು ಸಾಮಾನ್ಯವಾಗಿ ತುಳು. ಮೂಡುಬಿದಿರೆಯ ಕಡೆಯೂ ಇದೇ ಸ್ಥಿತಿ. ಬಸ್ಸಿನಿಂದ ಇಳಿಯುವ ಹುಡುಗನು ಜೊತೆಯವನಿಗೆ ‘ಪೋದು ಬರ್ಪೆ’ ಎನ್ನುತ್ತಾನೆ. ಕನ್ನಡದಲ್ಲಿ ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ತರಗತಿಯಲ್ಲಿ ಅದನ್ನೇ ಆಂಗ್ಲಭಾಷೆಯಲ್ಲಿ ‘ಐ ವಿಲ್ ಗೋ ಆಂಡ್ ಕಮ್’ ಎಂದಾಗ ಪರದೇಶದ ಅಧ್ಯಾಪಕನು ಇವನು ಮತ್ತೆ ಯಾವಾಗ ಬರುವನೆಂದು ಕಾಯುತ್ತಾನೆ. ತಿದ್ದುವುದು ಸುಲಭ. ಆದರೆ ‘ಹೋಗುತ್ತೇನೆ’ ಎಂದಷ್ಟೇ ಹೇಳುವುದು ನಮ್ಮಲ್ಲಿ ಅಶುಭವೆಂದು ಅರಿತು ತಿದ್ದುವುದಕ್ಕೂ ಅರಿಯದೆ ತಿದ್ದುವುದಕ್ಕೂ ವ್ಯತ್ಯಾಸವಿದೆ. ಇನ್ನೊಂದು ಉದಾಹರಣೆ: ಆಂಗ್ಲಭಾಷೆಯ ‘ಅಂಕಲ್’ ಎಂಬ ಒಂದೇ ಶಬ್ದವು ಸೋದರಮಾವ, ದೊಡ್ಡಪ್ಪ, ಚಿಕ್ಕಪ್ಪ ಮೊದಲಾದವರನ್ನೆಲ್ಲ ಒಳಗೊಳ್ಳುತ್ತದೆ. ಅಳಿಯಸಂತಾನ ಪದ್ಧತಿಯು ನಡೆಯುತ್ತಿದ್ದ ಕಾಲದ ತುಳುನಾಡಿನ ಮನೆಯಲ್ಲಿ ಸೋದರಮಾವನೆಂದರೆ ಮನೆಯ ಯಜಮಾನ. ಹುಡುಗನ ವಿದ್ಯಾಭ್ಯಾಸದ ಬಗ್ಗೆ ನಿರ್ಣಯ ಕೈಗೊಳ್ಳುವವನು ತಂದೆಯೇ ಎಂದು ಊಹಿಸಿ ಮಾತನಾಡಿದ ಅಧ್ಯಾಪಕನು ಅಂಥ ಕುಟುಂಬದಲ್ಲಿ ತಪ್ಪು ಬಾಗಿಲನ್ನು ತಟ್ಟಿದಂತಾಗುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಶಾಸನ ಮತ್ತು 1956ರ ಹಿಂದೂ ಉತ್ತರಾಧಿಕಾರ ಶಾಸನಗಳ ಬಳಿಕ ಆಸ್ತಿಯ ಹಕ್ಕಿನಲ್ಲಿ ಮಾರ್ಪಾಡುಗಳಾದರೂ ಮಾವನ ಮಾತಿನ ತೂಕವು ಒಮ್ಮೆಲೇ ಇಳಿದುಹೋಗಲಿಲ್ಲ.

ಇಂಥ ನಾಡಿಗೆ ಬಾಸೆಲ್ ಮಿಶನ್ನಿನ ಮೊದಲ ಮೂವರು, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅದಕ್ಕೆ ಹಿಂದಿನ ವರ್ಷದ ಸನ್ನದು ಶಾಸನವು ಬ್ರಿಟಿಷರಲ್ಲದ ಪಾದ್ರಿಗಳಿಗೂ ಕಂಪೆನಿಯ ಸೀಮೆಯಲ್ಲಿ ನೆಲೆಸುವ ದಾರಿಯನ್ನು ತೆರೆದಿತ್ತು. ಇವರನ್ನು ಕಳುಹಿಸಿದ ಸಂಸ್ಥೆಯು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದುದು. ಮಾರನೆಯ ವರ್ಷವೇ ಅದು ತನ್ನ ಶಿಕ್ಷಣಾಲಯವನ್ನು ತೆರೆಯಿತು. ಅಲ್ಲಿಗೆ ಸೇರಿದವರಲ್ಲಿ ಬಹುಮಂದಿ ವುರ್ಟೆಂಬರ್ಗ್ ಪ್ರಾಂತದ ರೈತರ ಮತ್ತು ಕೈಕಸಬಿನವರ ಮಕ್ಕಳು. ಹಲವು ವರ್ಷಗಳ ಆ ಶಿಕ್ಷಣಕ್ರಮದಲ್ಲಿ ಧರ್ಮಶಾಸ್ತ್ರ ಮತ್ತು ಪ್ರಾಚೀನ ಭಾಷೆಗಳ ಜೊತೆಗೆ ಆಂಗ್ಲಭಾಷೆಯನ್ನೂ ಕಲಿಸುತ್ತಿದ್ದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮಂಗಳೂರಿನಲ್ಲಿ ಆಂಗ್ಲಭಾಷೆಯನ್ನು ಕಲಿಸಿದ ಈ ಪರದೇಶೀಯರಿಗೆ ಆಂಗ್ಲಭಾಷೆಯೂ ಪರಭಾಷೆಯೇ ಆಗಿತ್ತು. ಅವರ ತಾಯಿನುಡಿ ಜರ್ಮನ್. ಅಷ್ಟೇ ಅಲ್ಲ, ಅವರು ಕನ್ನಡವನ್ನು ಕಲಿಯುವುದಕ್ಕೆ ದೊರಕುತ್ತಿದ್ದ ಮುಖ್ಯ ಉಪಕರಣಗಳಾದ ಮೆಕೆರೆಲ್ಲನ ವ್ಯಾಕರಣ (1820) ಮತ್ತು ಬಳ್ಳಾರಿಯ ವಿಲಿಯಂ ರೀವ್ ಸಿದ್ಧಪಡಿಸಿದ ಕೋಶಗಳು (1824, 1832) ಆಂಗ್ಲಭಾಷೆಯಲ್ಲಿದ್ದುವು. ಎಂದಮೇಲೆ ಅವರಿಗೆ ಆಂಗ್ಲಭಾಷೆಯು ಕನ್ನಡಕ್ಕೆ ಏರುವ ಏಣಿಯಾಗಿತ್ತು. ಅವರ ವಿದ್ಯಾರ್ಥಿಗಳಿಗೆ ಕನ್ನಡವು ಆಂಗ್ಲಭಾಷೆಗೆ ಏರುವ ಏಣಿ. ಒಂದೇ ಏಣಿಯಲ್ಲಿ ಒಬ್ಬರು ಏರುತ್ತ ಇನ್ನೊಬ್ಬರು ಇಳಿಯುತ್ತ ನಡುವೆ ಸಂಧಿಸಿದಂತಹ ಪರಿಸ್ಥಿತಿ. ಹುಟ್ಟಿನಿಂದ ಆಂಗ್ಲಭಾಷೆಯನ್ನು ಆಡುವವನೇ ಉತ್ತಮ ಅಧ್ಯಾಪಕನೆಂಬ ನಂಬಿಕೆಯು ಇಂದು ಎಷ್ಟೋ ದೇಶಗಳ ನೇಮಕದ ನಿಯಮಗಳಲ್ಲಿ ಕುಳಿತಿದೆ. ಆ ಭಾಷೆಯ ಕಷ್ಟಗಳನ್ನು ತಾನೇ ಪಟ್ಟು ಕಲಿತವನಿಗೆ ಕಲಿಸುವುದರಲ್ಲಿ ಒಂದು ಅನುಕೂಲವಿದೆ ಎಂಬುದನ್ನು ಮಂಗಳೂರಿನ ಉದಾಹರಣೆ ನೋಡಿಯಾದರೂ ಒಪ್ಪಬೇಕೆಂದು ನನ್ನ ಅಭಿಪ್ರಾಯ.

ಬಾಸೆಲಿನ ಶಿಕ್ಷಣಾಲಯವು ಎಷ್ಟು ವರ್ಷ ಕಲಿಸಿದರೂ ಇಲ್ಲಿನ ಭಾಷೆಯನ್ನು ಅಲ್ಲಿ ಕಲಿಸುವುದು ಸುಲಭವಾಗಿರಲಿಲ್ಲ. ಹೊರಡುವ ಮೊದಲು ಕೊಡುವ ಸಿದ್ಧತೆಗೆ ಇರುವ ಮಿತಿಯನ್ನು ಹರ್ಮನ್ ಗುಂಡರ್ಟರ ಪ್ರಯಾಣದಷ್ಟು ಚೆನ್ನಾಗಿ ತೋರಿಸುವ ದೃಷ್ಟಾಂತವು ಬೇರೊಂದಿಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಪದವೀಧರರಾದ ಗುಂಡರ್ಟರು 1836ರಲ್ಲಿ ಆಂಗ್ಲ ಕುಟುಂಬವೊಂದರ ಮಕ್ಕಳ ಅಧ್ಯಾಪಕರಾಗಿ ಭಾರತಕ್ಕೆ ಹೊರಟರು. ಹಡಗು ಕಲ್ಕತ್ತೆಗೆ ಹೋಗುವುದೆಂದು ಗೊತ್ತಾಗಿದ್ದುದರಿಂದ ಅವರು ದಾರಿಯಲ್ಲಿ ಬಂಗಾಳಿ, ಹಿಂದೂಸ್ತಾನಿ, ತೆಲುಗು ಭಾಷೆಗಳನ್ನು ಶ್ರಮಪಟ್ಟು ಕಲಿತರು. ಜೊತೆಯ ಪ್ರಯಾಣಿಕರಿಗೂ ಕಲಿಸಿದರು. ಹಡಗು ಮದರಾಸಿನಲ್ಲಿ ನಿಂತಿತು. ಅಲ್ಲಿ ಬೇಕಾದುದು ತಮಿಳು. ಅದನ್ನು ಕಲಿತರು. 1838ರಲ್ಲಿ ಬಾಸೆಲ್ ಮಿಶನ್ನನ್ನು ಸೇರಿ ಮಂಗಳೂರಿಗೆ ಬಂದರು. ಮಾರನೆಯ ವರ್ಷ ತಲಶ್ಶೇರಿಗೆ ಹೋದರು. ಅಲ್ಲಿ ಬೇಕಾದುದು ಮಲಯಾಳ. 1872ರಲ್ಲಿ ಅವರ ಮಲಯಾಳ ನಿಘಂಟು ಪ್ರಕಟವಾಯಿತು. ಆ ಭಾಷೆಯ ಕೋಶಗಳಲ್ಲಿ ಅದಕ್ಕೆ ಇಂದಿಗೂ ಗೌರವದ ಸ್ಥಾನವಿದೆ. ಹಡಗಿನಲ್ಲಿ ಕಲಿತದ್ದು ನೇರವಾಗಿ ಉಪಯೋಗಕ್ಕೆ ಬಾರದಿದ್ದರೂ ಕಲಿಯುವ ಅಭ್ಯಾಸವು ಉಪಯೋಗಕ್ಕೆ ಬಂದಿತೆಂದು ಹೇಳಬಹುದು. ಆದರೆ ಎಲ್ಲರೂ ಗುಂಡರ್ಟರಲ್ಲ. ಸಾಮಾನ್ಯನಾದ ಅಧ್ಯಾಪಕನಿಗೆ ಹೊರಡುವ ಮೊದಲು ತಪ್ಪು ಊರಿನ ಪಾಠವನ್ನು ಹೇಳಿ ಕಳುಹಿಸಿದರೆ ಅವನು ಊರಿಗೆ ಬಂದಮೇಲೆ ಎರಡು ಸಲ ಹೊಸಬನಾಗುತ್ತಾನೆ.

ಬಾಸೆಲ್ ಮಿಶನ್ನಿನ ಪದ್ಧತಿಯ ನಿಜವಾದ ಬಲವು ಬಾಸೆಲಿನಲ್ಲಿರದೆ ಇಲ್ಲಿಯೇ ಇತ್ತು. ಬಂದವನು ಮೊದಲು ಕಲಿಯುವವನಾಗಬೇಕು, ಕಲಿಸುವವನಾಗುವುದು ಅನಂತರ ಎಂಬುದು ಅದರ ಕ್ರಮ. ಮುನ್ಷಿಯೊಬ್ಬನನ್ನು ಗೊತ್ತುಮಾಡಿಕೊಂಡು ದಿನವೂ ಗಂಟೆಗಟ್ಟಲೆ ಪಾಠ ಹೇಳಿಸಿಕೊಳ್ಳುವುದು, ಭಾಷೆಯಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವುದು, ಹಳಬನಾದ ಸಹೋದ್ಯೋಗಿಯ ಕೈಕೆಳಗೆ ಇರುವುದು, ಇವೆಲ್ಲ ನಡೆದುಬಂದ ರೀತಿಗಳು. ವಿವಾಹಕ್ಕೆ ಸಹ ಕ್ಷೇತ್ರದಲ್ಲಿ ಎರಡು ವರ್ಷಗಳನ್ನು ಕಳೆದಮೇಲೆಯೇ ಮೇಲಧಿಕಾರಿಗಳಿಂದ ಅನುಮತಿ ದೊರೆಯುತ್ತಿತ್ತು. ಆ ನಿರ್ಬಂಧವು ಕಠೋರವಾದುದು. ಅದನ್ನು ಯಾರೂ ಇಂದು ಅನುಕರಿಸಲಾರರು. ಆದರೆ ಅದರಿಂದ ಒಂದು ವಿಷಯವು ವ್ಯಕ್ತವಾಗುತ್ತದೆ: ಹೊಸಬನು ಊರಿಗೆ ಹೊಂದಿಕೊಳ್ಳಲು ವಾರವಲ್ಲ, ತಿಂಗಳಲ್ಲ, ವರ್ಷಗಳು ಬೇಕೆಂದು ಆ ಸಂಸ್ಥೆಯು ತಿಳಿದಿತ್ತು, ಅಷ್ಟು ಕಾಲ ಅವನನ್ನು ಸಾಕಲು ಸಿದ್ಧವಾಗಿತ್ತು. ಕಂಪೆನಿಯ ಸರಕಾರವೂ ತನ್ನ ತರುಣ ಅಧಿಕಾರಿಗಳ ವಿಷಯದಲ್ಲಿ ಇಂಥ ಖರ್ಚನ್ನು ಮಾಡಿತ್ತು. 1812ರಲ್ಲಿ ಎಲ್ಲಿಸನ ಪ್ರಯತ್ನದಿಂದ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಸ್ಥಾಪಿತವಾದ ಕಾಲೇಜು ಅವರಿಗೆ ದಕ್ಷಿಣದ ಭಾಷೆಗಳನ್ನು ಸ್ಥಳೀಯ ಪಂಡಿತರಿಂದ ಹೇಳಿಸಿ, ಪರೀಕ್ಷೆ ನಡೆಸಿ, ಚೆನ್ನಾಗಿ ತೇರ್ಗಡೆಯಾದವರಿಗೆ ಹಣದ ಬಹುಮಾನವನ್ನೂ ಕೊಡುತ್ತಿತ್ತು. ಭೂಕಂದಾಯವನ್ನು ವಸೂಲು ಮಾಡುವವನಿಗೆ ರೈತನ ಮಾತು ತಿಳಿಯದಿದ್ದರೆ ಬೊಕ್ಕಸಕ್ಕೆ ನಷ್ಟ ಎಂಬುದು ಅದರ ಲೆಕ್ಕ. ಅಧ್ಯಾಪಕನ ಅಜ್ಞಾನದಿಂದ ಆಗುವ ನಷ್ಟವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಅವನ ಸಿದ್ಧತೆಗೆ ಹಣ ಹುಟ್ಟದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹೀಗೆ ಕಾಲ ಕೊಟ್ಟುದರ ಫಲವನ್ನು ವರ್ಷಗಳಿಂದಲೇ ಅಳೆಯಬಹುದು. 1834ರಲ್ಲಿ ಬಂದ ಗ್ರೈನರರು ಮಂಗಳೂರಿನ ಸುತ್ತಲಿನ ಜನರ ಮಾತು ಕನ್ನಡವಲ್ಲ, ತುಳು ಎಂಬುದನ್ನು ಕಂಡುಕೊಂಡು ಅದರ ಕಡೆಗೆ ತಿರುಗಿದರು; 1842ರಲ್ಲಿ ಮತ್ತಾಯನ ಸುವಾರ್ತೆಯೂ 1847ರಲ್ಲಿ ಹೊಸ ಒಡಂಬಡಿಕೆಯೂ ಕನ್ನಡ ಲಿಪಿಯಲ್ಲಿ, ತುಳು ಭಾಷೆಯಲ್ಲಿ ಅಚ್ಚಾದುವು. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗರು ಏಳು ವರ್ಷಗಳೊಳಗೆ, 1843ರ ಜುಲೈ ತಿಂಗಳಲ್ಲಿ, ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು, ಮುಂದೆ ಕನ್ನಡದ ಕಾವ್ಯಗಳನ್ನೂ ದಾಸರ ಪದಗಳನ್ನೂ ಗಾದೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದರು. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು ಹೊರಬಂದುದು 1894ರಲ್ಲಿ, ನಲವತ್ತೊಂದು ವರ್ಷಗಳ ಮೇಲೆ. ಬ್ರಿಗೆಲರ ತುಳು ವ್ಯಾಕರಣ 1872ರಲ್ಲಿಯೂ ಮ್ಯಾನರರ ತುಳು ನಿಘಂಟು 1886ರಲ್ಲಿಯೂ ಪ್ರಕಟವಾದುವು. ಈ ಗ್ರಂಥಗಳ ಸ್ವತಂತ್ರವಾದ ಮಹತ್ವವನ್ನು ಕನ್ನಡ ತುಳು ವಿದ್ವಾಂಸರು ವಿವರಿಸಿದ್ದಾರೆ. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದುದು ಇಷ್ಟು: ವ್ಯಾಕರಣ ಮತ್ತು ಕೋಶಗಳು ಮೂಲತಃ ತರುವಾಯ ಬರುವ ಹೊಸಬರಿಗಾಗಿ ಹಳಬರು ಸಿದ್ಧಮಾಡಿದ ಉಪಕರಣಗಳು. ಮೊದಲ ಮೂವರಿಗೆ ತುಳುವನ್ನು ಕಲಿಯಲು ಅಚ್ಚಾದ ಪುಸ್ತಕವೇ ಇರಲಿಲ್ಲ. ಐವತ್ತು ವರ್ಷಗಳಲ್ಲಿ ಬಂದವನ ಮೇಜಿನ ಮೇಲೆ ವ್ಯಾಕರಣವೂ ಕೋಶವೂ ಇದ್ದುವು. ಇಂದಿನ ಪರಿಚಯಶಿಬಿರಗಳ ದೊಡ್ಡ ದೋಷವೆಂದರೆ ಪ್ರತಿವರ್ಷವೂ ಅವು ಮೊದಲಿನಿಂದ ಪ್ರಾರಂಭವಾಗುವುದು. ಒಂದು ವರ್ಷ ಇದ್ದು ಹೋದವನು ಕಲಿತದ್ದು ಅವನ ಜೊತೆಗೇ ಹೊರಟುಹೋಗುತ್ತದೆ.

ಎಲ್ಲರೂ ಹೀಗೆ ಕಲಿತರೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಮೊದಲ ಮೂವರಲ್ಲೇ ಒಬ್ಬರಾದ ಹೆಬಿಕರು ಕಣ್ಣೂರಿನಲ್ಲಿ ಬಹುಕಾಲ ದುಭಾಷಿಗಳ ಮೂಲಕವೇ ಬೋಧನೆಯನ್ನು ನಡೆಸಿದರು. ಜನರನ್ನು ಆಕರ್ಷಿಸುವ ಅವರ ಶಕ್ತಿಯು ಅಸಾಧಾರಣವಾಗಿತ್ತೆಂದು ಪ್ರತೀತಿ. ಆದರೆ ದುಭಾಷಿಯ ಮೂಲಕ ಪ್ರವಚನ ನಡೆದೀತು, ಪಾಠ ನಡೆಯದು. ಪ್ರವಚನದಲ್ಲಿ ಕೇಳುಗನು ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಮಂಗಳೂರಿನಲ್ಲಿ ಮಿಶನ್ನಿನ ಆಂಗ್ಲ ಶಾಲೆಯು 1838ರಲ್ಲಿ ಪ್ರಾರಂಭವಾಯಿತು. ಅದಕ್ಕೆ ಮಕ್ಕಳನ್ನು ಕಳುಹಿಸಿದ ಪಟ್ಟಣದ ಬ್ರಾಹ್ಮಣ ಕುಟುಂಬಗಳ ಉದ್ದೇಶವು ಸ್ಪಷ್ಟವಾಗಿತ್ತು. ಕಂಪೆನಿಯ ಕಚೇರಿಗಳಲ್ಲಿ ಉದ್ಯೋಗ ದೊರೆಯಬೇಕಾದರೆ ಆಂಗ್ಲಭಾಷೆ ಬೇಕು; ಅದನ್ನು ಕಲಿಸುವವರು ಯಾರಾದರೂ ಆಗಲಿ. ಅಧ್ಯಾಪಕರ ಉದ್ದೇಶವೂ ಅಷ್ಟೇ ಸ್ಪಷ್ಟವಾಗಿತ್ತು, ಆದರೆ ಅದು ಬೇರೆಯದು. ಎರಡು ಉದ್ದೇಶಗಳೂ ಕೆಲವು ವರ್ಷ ಒಂದೇ ಬೆಂಚಿನ ಮೇಲೆ ಕುಳಿತಿದ್ದುವು. 1844ರ ಜನವರಿಯಲ್ಲಿ ಆ ಶಾಲೆಯಲ್ಲಿ ಓದಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಇಬ್ಬರು ಸ್ನೇಹಿತರೊಂದಿಗೆ ಕ್ರೈಸ್ತಮತವನ್ನು ಸ್ವೀಕರಿಸಿದರು. ಪಟ್ಟಣದಲ್ಲಿ ದೊಡ್ಡ ಕೋಲಾಹಲವಾಯಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಮತಾಂತರದ ನ್ಯಾಯಾನ್ಯಾಯಗಳ ಚರ್ಚೆಗೆ ಇದು ಸ್ಥಳವಲ್ಲ. ಅಧ್ಯಾಪಕರ ಸಿದ್ಧತೆಯ ದೃಷ್ಟಿಯಿಂದ ನೋಡಿದರೆ ಈ ಘಟನೆಯಿಂದ ತಿಳಿಯುವುದು ಗಂಭೀರವಾಗಿದೆ. ಕನ್ನಡವನ್ನು ಪತ್ರಿಕೆ ನಡೆಸುವಷ್ಟು ಬಲ್ಲವರಿಗೂ ಶಾಲೆಯೆಂದರೆ ಊರಿನ ಪಾಲಿಗೆ ಏನು, ಹಿರಿಯರು ಯಾವ ನಂಬಿಕೆಯಿಂದ ಮಗುವನ್ನು ಅಲ್ಲಿಗೆ ಕಳುಹಿಸಿದ್ದಾರೆ ಎಂಬುದು ಒಂದೋ ತಿಳಿದಿರಲಿಲ್ಲ, ಇಲ್ಲವೇ ತಿಳಿದೂ ಅದನ್ನು ಅವರು ಎರಡನೆಯ ಸ್ಥಾನದಲ್ಲಿಟ್ಟಿದ್ದರು. ಎರಡನೆಯದೇ ನಿಜವೆಂದು ನನಗೆ ತೋರುತ್ತದೆ. ಭಾಷೆಯ ಸಿದ್ಧತೆಯಿಂದ ಕೇಳುವ ಕಿವಿ ಸಿದ್ಧವಾಗುತ್ತದೆ. ಕೇಳಿದ್ದಕ್ಕೆ ಮನ್ನಣೆ ಕೊಡುವುದನ್ನು ಮುನ್ಷಿಯೂ ಕಲಿಸಲಾರ, ವ್ಯಾಕರಣವೂ ಕಲಿಸಲಾರದು.

ಅದೇ ಕೌಂಡಿನ್ಯರ ಮುಂದಿನ ಜೀವನವು ನಮ್ಮ ವಿಷಯಕ್ಕೆ ಇನ್ನೊಂದು ಕಡೆಯಿಂದ ಬೆಳಕು ಚೆಲ್ಲುತ್ತದೆ. 1846ರಲ್ಲಿ ಮೊಗ್ಲಿಂಗರು ಅವರನ್ನು ಬಾಸೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಐದು ವರ್ಷ ವ್ಯಾಸಂಗ ಮಾಡಿ, ದೀಕ್ಷೆ ಪಡೆದು, 1851ರಲ್ಲಿ ಅವರು ಮಂಗಳೂರಿಗೆ ಮರಳಿ ಮಿಶನ್ನಿನ ಅಧ್ಯಾಪಕವರ್ಗವನ್ನು ಸೇರಿದರು. ಮಂಗಳೂರಿನ ತರುಣನೊಬ್ಬನು ಯುರೋಪಿಯನ್ನರ ಸಮಾನಸ್ಕಂಧನಾಗಿ ಕೆಲಸಮಾಡಲು ಐದು ವರ್ಷ ಯುರೋಪಿನಲ್ಲಿ ಕಳೆಯಬೇಕೆಂದು ಭಾವಿಸಲಾಗಿತ್ತೆಂಬುದನ್ನು ನೆನೆದಾಗ, ಯುರೋಪಿನಿಂದ ಇಲ್ಲಿಗೆ ಬಂದವನಿಗೆ ಎರಡು ವರ್ಷದ ಕಲಿಕೆಯು ಹೆಚ್ಚಾಯಿತೆಂದು ಯಾರೂ ಹೇಳಲಾರರು.

1854ರ ವುಡ್ಡನ ಪತ್ರದಿಂದ ಪರಿಸ್ಥಿತಿಯು ಬದಲಾಗತೊಡಗಿತು. ಶಿಕ್ಷಣ ಇಲಾಖೆ, ಖಾಸಗಿ ಶಾಲೆಗಳಿಗೆ ಸಹಾಯಧನ, ಶಾಲಾ ತಪಾಸಣೆ ಇವು ಬಂದುವು. 1857ರಲ್ಲಿ ಮದರಾಸಿನ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅದೇ ವರ್ಷ ನಮ್ಮ ಗುಂಡರ್ಟರೇ ಮಲಬಾರು ಮತ್ತು ಕೆನರಾ ಜಿಲ್ಲೆಗಳ ಶಾಲಾ ತಪಾಸಣಾಧಿಕಾರಿಯಾಗಿ ನೇಮಕಗೊಂಡರು. ಸರಕಾರದ ದೃಷ್ಟಿಯಲ್ಲಿ ಅವರಿಗಿಂತ ಅರ್ಹರು ದೊರೆಯುವಂತಿರಲಿಲ್ಲ. ಆರೋಗ್ಯ ಕೆಟ್ಟು ಅವರು 1859ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಆದರೆ ಅವರನ್ನು ಅರ್ಹರನ್ನಾಗಿ ಮಾಡಿದ ಭಾಷಾಜ್ಞಾನವು ಮುಂದಿನ ಅಧ್ಯಾಪಕರಿಗೆ ಅನಾವಶ್ಯಕವಾಗುವ ಏರ್ಪಾಡೇ ಅದೇ ಕಾಲದಲ್ಲಿ ನೆಲೆಗೊಳ್ಳುತ್ತಿತ್ತು. ಮೆಟ್ರಿಕ್ಯುಲೇಷನ್ ಪರೀಕ್ಷೆಯ ಪ್ರಶ್ನೆಯೂ ಉತ್ತರವೂ ಆಂಗ್ಲಭಾಷೆಯಲ್ಲಿ. ಮೇಲಿನ ತರಗತಿಗಳ ಪಾಠವೂ ಆಂಗ್ಲಭಾಷೆಯಲ್ಲಿ. ವಿದ್ಯಾರ್ಥಿಯು ಅಧ್ಯಾಪಕನ ಭಾಷೆಯನ್ನು ಕಲಿತರಾಯಿತು, ಅಧ್ಯಾಪಕನು ವಿದ್ಯಾರ್ಥಿಯ ಭಾಷೆಯನ್ನು ಕಲಿಯುವ ಅಗತ್ಯವೇನು? ಪರದೇಶೀಯ ಅಧ್ಯಾಪಕನ ಸಿದ್ಧತೆಯು ಕುಗ್ಗಿದುದಕ್ಕೆ ಅವನ ಸೋಮಾರಿತನವು ಕಾರಣವಲ್ಲ. ಪರೀಕ್ಷೆಯು ಅದನ್ನು ಕೇಳದೆ ಹೋದುದೇ ಮುಖ್ಯ ಕಾರಣ.

ಈ ಮಾತಿಗೆ ಜೆಸುಯಿಟರ ಇತಿಹಾಸದಲ್ಲಿ ಪುಷ್ಟಿ ದೊರೆಯುತ್ತದೆ. 1878ರ ಡಿಸೆಂಬರ್ 31ರಂದು ಆ ಸಂಘದವರು ಮಂಗಳೂರಿಗೆ ಬಂದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಬಂದು ಒಂದು ವರ್ಷ ತುಂಬಿದ ಕೂಡಲೇ ಕಾಲೇಜು ಪ್ರಾರಂಭವಾದುದನ್ನು ಗಮನಿಸಬೇಕು. ತರಗತಿಯ ಭಾಷೆಯು ಆಂಗ್ಲಭಾಷೆಯಾದುದರಿಂದಲೇ ಅಷ್ಟು ಶೀಘ್ರವಾಗಿ ಅದು ಸಾಧ್ಯವಾಯಿತು. ಮೊದಲ ತಂಡದಲ್ಲೇ ಬಂದ ಇಟಲಿಯ ಆಂಜೆಲೊ ಮಾಫ್ಫೆಯಿ ಅವರಾದರೋ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ನಾಲ್ಕೈದು ವರ್ಷಗಳಲ್ಲಿ ಇಷ್ಟು ಸಾಧನೆ! ಕೊಂಕಣಿಯನ್ನು ಇಷ್ಟು ಬೇಗ ಕಲಿಯುವ ಒತ್ತಡವು ತರಗತಿಯಿಂದ ಬಂದುದಲ್ಲ, ಇಗರ್ಜಿಯಿಂದ ಬಂದುದು. ಅಲ್ಲಿಗೆ ಬರುವ ಜನರ ಮನೆಮಾತು ಕೊಂಕಣಿಯಾಗಿತ್ತು. ಅವರ ಮಾತನ್ನು ಕೇಳದೆ ಪಾದ್ರಿಯ ಕೆಲಸವು ಸಾಗುವಂತಿರಲಿಲ್ಲ. ಒಂದೇ ಸಂಘದವರು, ಒಂದೇ ಊರಿನಲ್ಲಿ, ಕೆಲಸವು ಬೇಡಿದಲ್ಲಿ ಭಾಷೆಯನ್ನು ಕಲಿತರು. ಬೇಡದಲ್ಲಿ ಆಂಗ್ಲಭಾಷೆಯಿಂದಲೇ ನಡೆಸಿದರು.

ಮಂಗಳೂರಿನ ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಬೇರೊಂದು ಬಗೆಯ ದೃಷ್ಟಾಂತವಿದೆ. ಅದಕ್ಕೆ ದೊರೆಯಬೇಕಾದಷ್ಟು ಗಮನವು ದೊರೆತಿಲ್ಲ. ಆಂಗ್ಲ ಮನೆತನದಲ್ಲಿ ಜನಿಸಿದ ಸೋಫಿ ಲೀವ್ಸ್, ಸನ್ಯಾಸದಲ್ಲಿ ಮದರ್ ವೆರೋನಿಕಾ ಎನಿಸಿಕೊಂಡವರು, 1862ರಲ್ಲಿ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸಮಾಡಿ ಹಿಂದಿರುಗಿದ್ದರು. ಅನಂತರ ಭಾರತದ ಶಾಲೆಗಳಿಗಾಗಿಯೇ ಸೋದರಿಯರನ್ನು ಸಿದ್ಧಪಡಿಸುವ ಉದ್ದೇಶದಿಂದ ಅವರು 1868ರಲ್ಲಿ ಫ್ರಾನ್ಸಿನ ಬಯೋನ್ ನಗರದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಂದ ಹೊರಟ ಮೊದಲ ಸೋದರಿಯರು 1870ರಲ್ಲಿ ಮಂಗಳೂರನ್ನು ತಲುಪಿದರು. ಸಂತ ಆ್ಯನ್ಸ್ ಶಾಲೆಯೂ 1921ರಲ್ಲಿ ಸಂತ ಆ್ಯಗ್ನೆಸ್ ಕಾಲೇಜೂ ಈ ಪರಂಪರೆಯಿಂದ ಬಂದುವು. ಹೊರಡುವ ಮೊದಲಿನ ಸಿದ್ಧತೆಯನ್ನು ಏರ್ಪಡಿಸಿದವರು ಸ್ವತಃ ಈ ಕರಾವಳಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಹೋದವರು ಎಂಬುದೇ ಇಲ್ಲಿನ ವಿಶೇಷ. ಗುಂಡರ್ಟರ ಹಡಗಿನ ಪಾಠಶಾಲೆಯಲ್ಲಿ ಇಲ್ಲದಿದ್ದುದು ಇದೇ. ದೂರದಲ್ಲಿ ಸಿದ್ಧತೆಯನ್ನು ಕೊಡಲೇಬೇಕಾದರೆ ಊರನ್ನು ಕಂಡು ಬಂದವರೇ ಅದನ್ನು ಕೊಡಬೇಕು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಕೆಲಸಗಾರರು ಶತ್ರುದೇಶೀಯರೆನಿಸಿ ಬಂಧನಕ್ಕೊಳಗಾದರು, ಕ್ರಮೇಣ ದೇಶದಿಂದ ಹೊರಕಳುಹಿಸಲ್ಪಟ್ಟರು. ಎಂಬತ್ತು ವರ್ಷಗಳ ಆ ಅಧ್ಯಾಪಕ ಪರಂಪರೆಯು ಕಡಿದುಬಿದ್ದಿತು. ಶಾಲೆಗಳು ಮಾತ್ರ ನಿಲ್ಲಲಿಲ್ಲ, ಏಕೆಂದರೆ ಅವುಗಳನ್ನು ದಿನದಿನವೂ ನಡೆಸುತ್ತಿದ್ದವರಲ್ಲಿ ಬಹುಮಂದಿ ಅಷ್ಟು ಹೊತ್ತಿಗೆ ಈ ನಾಡಿನವರೇ ಆಗಿದ್ದರು.

ಸ್ವಾತಂತ್ರ್ಯಾನಂತರ ಆಂಗ್ಲಭಾಷೆಯ ಬೋಧನೆಯನ್ನು ಸುಧಾರಿಸಲು ಹೊಸ ಏರ್ಪಾಡುಗಳಾದುವು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಆಂಗ್ಲಭಾಷಾ ಸಂಸ್ಥೆಯೂ ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆಯೂ ಸ್ಥಾಪಿತವಾದುವು. ಪರದೇಶದ ತಜ್ಞರು ಬಂದರು, ಆದರೆ ಮಕ್ಕಳಿಗೆ ಕಲಿಸುವುದು ಅವರ ಕೆಲಸವಲ್ಲ, ಕಲಿಸುವವರಿಗೆ ಕಲಿಸುವುದು. ಅಮೆರಿಕದ ಶಾಂತಿದಳದ ಸ್ವಯಂಸೇವಕರು 1961ರಿಂದ 1976ರ ವರೆಗೆ ಭಾರತದಲ್ಲಿ ಕೆಲಸಮಾಡಿದರು. ಇದೇ ಕಾಲದಲ್ಲಿ ಕನ್ನಡವನ್ನು ಹೊರಗಿನವರಿಗೆ ಕಲಿಸುವ ಕ್ರಮದಲ್ಲಿ ಒಂದು ಮಹತ್ವದ ಬದಲಾವಣೆಯಾಯಿತು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟರು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದ ಗ್ರಂಥವು ವಿವರಿಸಿದ್ದು ಗ್ರಾಂಥಿಕ ಕನ್ನಡವನ್ನಲ್ಲ, ಆಡುಗನ್ನಡವನ್ನು. ಕಿಟ್ಟೆಲರ ಕೋಶವನ್ನು ಅರಗಿಸಿಕೊಂಡವನೂ ಸಂತೆಯಲ್ಲಿ ಮೂಕನಾಗಬಹುದೆಂಬ ತಿಳಿವಳಿಕೆ ಅದರ ಹಿಂದೆ ಇದೆ. ಆದರೆ ಅದೇ ಆಡುಗನ್ನಡವನ್ನು ಕಲಿತು ಮಡಂತ್ಯಾರಿಗೆ ಬಂದವನು ಗ್ರೈನರರು 1834ರ ಬಳಿಕ ಕಂಡುಕೊಂಡದ್ದನ್ನು ಮತ್ತೊಮ್ಮೆ ಕಂಡುಕೊಳ್ಳಬೇಕಾಗುತ್ತದೆ: ಇಲ್ಲಿಯ ಸಂತೆಯ ಮಾತು ಬೇರೆ. ರಾಜ್ಯಭಾಷೆಯನ್ನು ಕಲಿಸಿದರೆ ಊರಿನ ಭಾಷೆಯನ್ನು ಕಲಿಸಿದಂತಾಯಿತೆಂಬ ಭ್ರಮೆಯು ಜಪಾನಿನಂತೆ ಬಹುಮಟ್ಟಿಗೆ ಏಕಭಾಷೆಯಿರುವ ದೇಶದಲ್ಲಿ ನಡೆದೀತು. ಕರ್ನಾಟಕದ ಗಡಿಜಿಲ್ಲೆಗಳಲ್ಲಿ ನಡೆಯದು. ಕಾಸರಗೋಡಿನಲ್ಲಿ ಅದು ಇನ್ನೂ ತೊಡಕಾಗುತ್ತದೆ. ಅಲ್ಲಿ ಸರಕಾರದ ಭಾಷೆ ಮಲಯಾಳ, ಕೆಲವು ಶಾಲೆಗಳ ಭಾಷೆ ಕನ್ನಡ, ಅನೇಕ ಮನೆಗಳ ಭಾಷೆ ತುಳು.

ಎಷ್ಟು ಕಾಲ ಬೇಕು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ಉತ್ತರವು ಆಚರಣೆಯಲ್ಲಿದೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯು ತನ್ನ ಪ್ರಾದೇಶಿಕ ಕೇಂದ್ರಗಳ ಮೂಲಕ ಒಂದು ರಾಜ್ಯದ ಶಾಲಾ ಅಧ್ಯಾಪಕರಿಗೆ ಇನ್ನೊಂದು ರಾಜ್ಯದ ಭಾಷೆಯನ್ನು ಕಲಿಸುವ ಏರ್ಪಾಡು ಮಾಡಿತು. ಆ ಶಿಕ್ಷಣದ ಅವಧಿ ಹತ್ತು ತಿಂಗಳು. ಹತ್ತಿರದ ರಾಜ್ಯದಿಂದ ಬಂದ, ನಮ್ಮಂತೆಯೇ ಅನ್ನ ಸಾರು ಉಣ್ಣುವ ಅಧ್ಯಾಪಕನಿಗೆ ಹತ್ತು ತಿಂಗಳು ಬೇಕಾದರೆ, ಸಮುದ್ರ ದಾಟಿ ಬಂದವನಿಗೆ ಹೋಟೆಲಿನ ಮೂರು ದಿನಗಳು ಸಾಕೆಂದು ಯಾವ ಆಧಾರದಿಂದ ಹೇಳೋಣ? ಖರ್ಚು ಹೆಚ್ಚಾಗುವುದೆಂಬ ಆಕ್ಷೇಪಣೆಯು ಬರುತ್ತದೆ, ಅದು ನಿಜವೂ ಹೌದು. ಒಂದೇ ವರ್ಷದ ಕರಾರಿನ ಮೇಲೆ ಬರುವವನಿಗೆ ಹತ್ತು ತಿಂಗಳ ಶಿಕ್ಷಣವು ಅಸಂಬದ್ಧ. ಹಾಗಾದರೆ ತಿದ್ದಬೇಕಾದುದು ಶಿಬಿರದ 0ಕಾರ್ಯಕ್ರಮಪಟ್ಟಿಯನ್ನಲ್ಲ, ಕರಾರಿನ ಅವಧಿಯನ್ನು.

ಮುನ್ಷಿಯ ವಿಷಯವು ಇನ್ನೂ ಉಳಿದಿದೆ. ಮೊಗ್ಲಿಂಗ್, ಗ್ರೈನರ್, ಬ್ರಿಗೆಲ್, ಮ್ಯಾನರ್, ಮಾಫ್ಫೆಯಿ ಇವರ ಹೆಸರುಗಳು ಗ್ರಂಥಗಳ ಮುಖಪುಟಗಳಲ್ಲಿವೆ. ಅವರ ಉಚ್ಚಾರಣೆಯನ್ನು ತಿದ್ದಿದವರ, ಯಾವ ಮನೆಯಲ್ಲಿ ಯಾರಿಗೆ ಹೇಗೆ ಮಾತನಾಡಿಸಬೇಕೆಂದು ಮೆಲ್ಲನೆ ಸೂಚಿಸಿದವರ ಹೆಸರುಗಳು ಮುಖಪುಟದಲ್ಲಿಲ್ಲ. ಪರದೇಶೀಯ ಅಧ್ಯಾಪಕನ ನಿಜವಾದ ಅಧ್ಯಾಪಕನು ಇವನೇ. ಇಂದಿನ ಶಾಲಾ ಕಾಲೇಜುಗಳಲ್ಲಿ ಆ ಸ್ಥಾನವು ಹೊಸಬನ ಪಕ್ಕದ ಕುರ್ಚಿಯಲ್ಲಿ ಕುಳಿತ ಸಹೋದ್ಯೋಗಿಗೆ ತಾನಾಗಿ ಬರುತ್ತದೆ. ಅವನು ತನ್ನ ಪಾಠಗಳನ್ನೆಲ್ಲ ಮುಗಿಸಿಕೊಂಡು, ಬಿಡುವಿನ ವೇಳೆಯಲ್ಲಿ, ಸೌಜನ್ಯಕ್ಕಾಗಿ ಈ ಕೆಲಸವನ್ನು ಮಾಡುತ್ತಾನೆ. ಸೌಜನ್ಯವು ಆಷಾಢ ಮುಗಿಯುವ ವರೆಗೆ ಬಾಳಿದರೆ ಹೆಚ್ಚು.

ನಮ್ಮ ಕಡೆಯ ಕಾಲೇಜೊಂದಕ್ಕೆ ಪರದೇಶದಿಂದ ಆಂಗ್ಲಭಾಷೆಯ ಅಧ್ಯಾಪಕನು ಬರುವುದಾದರೆ ಹೀಗೆ ಮಾಡಬಹುದೆಂದು ತೋರುತ್ತದೆ. ಅವನು ಜೂನ್ ತಿಂಗಳಲ್ಲಿ ಮಳೆಯ ಜೊತೆಗೇ ಬರಲಿ. ಮೊದಲ ಅವಧಿಯಲ್ಲಿ ಅವನಿಗೆ ಅರ್ಧದಷ್ಟು ಮಾತ್ರ ಪಾಠಗಳಿರಲಿ. ಉಳಿದ ಅರ್ಧದಲ್ಲಿ ಅವನು ಕನ್ನಡ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳಲಿ, ಮಧ್ಯಾಹ್ನದ ಮೇಲೆ ತುಳು ಬಲ್ಲ ಸಹೋದ್ಯೋಗಿಯೊಬ್ಬನಿಂದ ಪಾಠ ಹೇಳಿಸಿಕೊಳ್ಳಲಿ. ಆ ಸಹೋದ್ಯೋಗಿಯ ವಾರದ ಗಂಟೆಗಳಲ್ಲಿ ಈ ಪಾಠವೂ ಲೆಕ್ಕಕ್ಕೆ ಬರಲಿ. ವರ್ಷದ ಕೊನೆಗೆ ಇಬ್ಬರೂ ಸೇರಿ ಮುಂದೆ ಬರುವವನಿಗಾಗಿ ತಾವು ಕಂಡದ್ದನ್ನು ಬರೆದು ಗ್ರಂಥಾಲಯದಲ್ಲಿಡಲಿ. ಅದರ ಮೇಲೆ ಇಬ್ಬರ ಹೆಸರೂ ಇರಲಿ.